ವಾಪಸು ಚೀಟಿ

ಇಂಗ್ಲೆಂಡಿನ ರೈಲು ನಿಲ್ದಾಣದ ಯಂತ್ರದಲ್ಲಿ ‘ಡೇ ರಿಟರ್ನ್’ ಟಿಕೆಟ್ ತೆಗೆದರೆ ಎರಡು ಚೀಟಿ ಬೀಳುತ್ತವೆ. ಎರಡೂ ಎಟಿಎಂ ಕಾರ್ಡಿನಷ್ಟೇ ಉದ್ದಗಲ. ಮೇಲೆ ಕೆಳಗೆ ಕಿತ್ತಳೆ ಪಟ್ಟಿ, ನಡುವೆ ಕೆನೆ ಬಣ್ಣ. ಒಂದರ ಮೇಲೆ ‘ಔಟ್’ ಎಂದಿರುತ್ತದೆ, ಇನ್ನೊಂದರ ಮೇಲೆ ‘ರಿಟರ್ನ್’ ಎಂಬುದರ ಮೂರಕ್ಷರದ ಮೊಟಕು. ಬೆಳಿಗ್ಗೆ ಲಂಡನ್ನಿನಲ್ಲಿ ಇಳಿದು ಮೊದಲ ಚೀಟಿಯನ್ನು ಗೇಟಿನ ಸೀಳಿಗೆ ತೂರಿಸಿದರೆ ಗೇಟು ಅದನ್ನು ನುಂಗಿಕೊಂಡು ದಾರಿ ಬಿಡುತ್ತದೆ. ಎರಡನೆಯದು ಹಗಲೆಲ್ಲ ಜೇಬಿನಲ್ಲಿರುತ್ತದೆ. ರಾತ್ರಿ, ಬಾಡಿಗೆಗಿರುವ ಸಣ್ಣ ಊರಿನ ಗೇಟು ಅದನ್ನೂ ನುಂಗಿಕೊಂಡಾಗ ಪ್ರವಾಸ ಮುಗಿಯಿತು. ಫೋನಿನಲ್ಲೇ ಟಿಕೆಟ್ ತೋರಿಸುವುದು ಈಗ ರೂಢಿಯಾಗುತ್ತಿದೆ. ಆದರೂ ಈ ಎರಡು ಚೀಟಿಗಳನ್ನು ಒಮ್ಮೆ ಅಂಗೈಯಲ್ಲಿಟ್ಟು ನೋಡಬೇಕು. ಪರದೇಶದಲ್ಲಿದ್ದುಕೊಂಡು ಒಂದು ದಿನದ ಮಟ್ಟಿಗೆ ರೈಲು ಹತ್ತಿ ದೊಡ್ಡ ನಗರಕ್ಕೆ ಹೋಗಿ ಬಂದವರು ಸಾಮಾನ್ಯವಾಗಿ ಮೊದಲ ಚೀಟಿಯ ಕಥೆ ಹೇಳುತ್ತಾರೆ: ಕಂಡ ಅರಮನೆ, ದಾಟಿದ ಸೇತುವೆ, ತಿಂದ ತಿಂಡಿ. ನನಗೆ ಎರಡನೆಯ ಚೀಟಿಯೇ ಹೆಚ್ಚು ಮುಖ್ಯವಾಗಿ ಕಾಣುತ್ತದೆ. ಒಂದು ನಗರ ಯಾರ ಪಾಲಿನದು ಎಂಬುದು ಅಲ್ಲಿಗೆ ಹೋಗುವ ಮೊದಲ ರೈಲಿನಿಂದ ತೀರ್ಮಾನವಾಗುವುದಿಲ್ಲ, ಅಲ್ಲಿಂದ ಮರಳುವ ಕೊನೆಯ ರೈಲಿನಿಂದ ತೀರ್ಮಾನವಾಗುತ್ತದೆ. ಹೊರದೇಶಕ್ಕೆ ಹೋದ ನಮ್ಮ ಕಡೆಯವರು ಅಲ್ಲಿ ಈ ಮಾತನ್ನು ಅನುಭವಿಸಿ ತಿಳಿಯುತ್ತಾರೆ. ತಮ್ಮೂರಿಗೆ ಅದನ್ನು ಅನ್ವಯಿಸಿ ನೋಡುವುದು ಮಾತ್ರ ಕಡಿಮೆ.

ನಮ್ಮ ಕಡೆ ಎಂದಾಗ ನನ್ನ ಮನಸ್ಸಿನಲ್ಲಿರುವುದು ಪೆರೇಸಂದ್ರ. ಚಿಕ್ಕಬಳ್ಳಾಪುರದಿಂದ ಬಾಗೇಪಲ್ಲಿಯತ್ತ ಹೊರಟರೆ ಸುಮಾರು 18 ಕಿ.ಮೀ. ದೂರದಲ್ಲಿ, 44ನೇ ರಾಷ್ಟ್ರೀಯ ಹೆದ್ದಾರಿಯ ಮೇಲೆ ಸಿಗುವ ಊರು. ಗುಡಿಬಂಡೆಗೆ ಹೋಗುವವರು ಹೆದ್ದಾರಿ ಬಿಟ್ಟು ತಿರುಗುವುದು ಇಲ್ಲೇ. ಹೆಸರಿನ ಕೊನೆಯ ‘ಸಂದ್ರ’ ಎಂದರೆ ಸಮುದ್ರ, ಅಂದರೆ ಕೆರೆ. ವರ್ಷವಿಡೀ ಹರಿಯುವ ಹೊಳೆ ಒಂದೂ ಇಲ್ಲದ ಸೀಮೆಯಲ್ಲಿ ಮಳೆನೀರು ನಿಂತ ಕೆರೆಯನ್ನು ಸಮುದ್ರವೆಂದು ಕರೆದ ಹಿರಿಯರ ಮೇಲೆ ನನಗೆ ಗೌರವವಿದೆ. ಇದ್ದದ್ದನ್ನು ಅವರು ದೊಡ್ಡದಾಗಿ ಕಂಡರು. ಮನೆಯೊಳಗೆ ತೆಲುಗು, ಶಾಲೆಯಲ್ಲಿ ಕನ್ನಡ, ಅಂಗಡಿಯಲ್ಲಿ ಎರಡೂ, ಹೀಗೆ ಬೆಳೆದವರು ಇಲ್ಲಿ ಬಹಳ. ಇಂಥ ಊರುಗಳಿಂದ ಹೊರಟ ಮಕ್ಕಳು ಈಗ ಓದಿಗೆ, ಕೆಲಸಕ್ಕೆ ಹೊರದೇಶ ಸೇರುತ್ತಿದ್ದಾರೆ. ಅವರಿಗೆ ವಿಮಾನ ನಿಲ್ದಾಣ ಮೆಜೆಸ್ಟಿಕ್‌ಗಿಂತ ಹತ್ತಿರ. ದೇವನಹಳ್ಳಿ ದಾಟಿದರೆ ಬಂತು. ಪೆರೇಸಂದ್ರಕ್ಕೆ ರೈಲಿಲ್ಲ. ದಕ್ಷಿಣಕ್ಕೆ ಚಿಕ್ಕಬಳ್ಳಾಪುರದಲ್ಲೊಂದು ನಿಲ್ದಾಣ, ಪಶ್ಚಿಮಕ್ಕೆ ಗೌರಿಬಿದನೂರಿನಲ್ಲೊಂದು. ಬೆಂಗಳೂರು ಇಲ್ಲಿಂದ ಹತ್ತಿರ ಹತ್ತಿರ 75 ಕಿ.ಮೀ. ಕೇಂಬ್ರಿಡ್ಜ್‌ನಿಂದ ಲಂಡನ್ ಅದಕ್ಕಿಂತ ದೂರ, ಸುಮಾರು 90 ಕಿ.ಮೀ. ವೇಗದ ರೈಲಿಗೆ ಅದು ಒಂದು ಗಂಟೆಯೂ ಹಿಡಿಯದ ದಾರಿ. ಹತ್ತಿರವಿರುವ ನಗರ ದೂರವಾಗುವುದು, ದೂರವಿರುವುದು ಹತ್ತಿರವಾಗುವುದು ಹೇಗೆಂದು ತಿಳಿಯಲು ಈ ಎರಡು ಊರುಗಳನ್ನು ಅಕ್ಕಪಕ್ಕ ಇಟ್ಟು ನೋಡಬಹುದು.

ಕೇಂಬ್ರಿಡ್ಜ್‌ನಲ್ಲಿರುವ ನಮ್ಮ ಕಡೆಯ ಹುಡುಗಿಯೊಬ್ಬಳು ಶನಿವಾರ ಬೆಳಿಗ್ಗೆ ಹೊರಟಳೆನ್ನೋಣ. ಚೀಲದಲ್ಲಿ ಚಿತ್ರಾನ್ನದ ಡಬ್ಬಿ, ಏಕೆಂದರೆ ಲಂಡನ್ನಿನ ಊಟದ ಬೆಲೆ ವಿದ್ಯಾರ್ಥಿ ವೇತನಕ್ಕೆ ಹೊಂದುವಂಥದ್ದಲ್ಲ. ರೈಲು ಊರು ಬಿಟ್ಟ ಕೂಡಲೇ ಹೊಲ. ರಾಯ್‌ಸ್ಟನ್ ಕಳೆದ ಮೇಲೆ ಲೆಚ್‌ವರ್ತ್ ಬರುತ್ತದೆ. ಎಬೆನೇಜರ್ ಹೋವರ್ಡ್ ಎಂಬಾತ ‘ಉದ್ಯಾನ ನಗರಿ’ ಎಂಬ ಕಲ್ಪನೆಯನ್ನು ಬರೆದು, 1903ರಲ್ಲಿ ಅದನ್ನು ನಿಜವಾಗಿ ಕಟ್ಟಲು ತೊಡಗಿದ ಮೊದಲ ಜಾಗ ಇದು. ಬೆಂಗಳೂರಿಗೆ ನಾವು ಹಚ್ಚಿದ ಬಿರುದು ಅದೇ. ಹೋವರ್ಡ್ ಹೇಳಿದ್ದು ಮಾತ್ರ ಬೇರೆಯೇ ವಿಷಯ, ಅದನ್ನು ಮುಂದೆ ನೋಡೋಣ. ಆಮೇಲೆ ಹಿಚಿನ್, ಸ್ಟೀವನೇಜ್, ಕೊನೆಗೆ ಕಿಂಗ್ಸ್ ಕ್ರಾಸ್. ಇಳಿದು ಐದು ನಿಮಿಷ ನಡೆದರೆ ಬ್ರಿಟಿಷ್ ಲೈಬ್ರರಿ. ಅಲ್ಲಿರುವ ಹಳೆಯ ಕನ್ನಡ ಪುಸ್ತಕಗಳು ಹಿಂದೆ ಬ್ರಿಟಿಷ್ ಮ್ಯೂಸಿಯಂನ ಗ್ರಂಥಾಲಯದಲ್ಲಿದ್ದವು; ಎಲ್. ಡಿ. ಬಾರ್ನೆಟ್ 1910ರಲ್ಲೇ ಅವುಗಳ ಪಟ್ಟಿ ಮಾಡಿ ಅಚ್ಚು ಹಾಕಿಸಿದ್ದ. ಬೆಂಗಳೂರಿನಲ್ಲಿ ಕನ್ನಡ ಸಾಹಿತ್ಯ ಪರಿಷತ್ತು ಹುಟ್ಟುವುದಕ್ಕೆ ಐದು ವರ್ಷ ಮೊದಲಿನ ಮಾತು ಅದು. ಥೇಮ್ಸ್ ದಡದಲ್ಲಿ, ಲ್ಯಾಂಬೆತ್ ಸೇತುವೆಯ ಬಳಿ 2015ರಲ್ಲಿ ನಿಲ್ಲಿಸಿದ ಬಸವಣ್ಣನವರ ಪ್ರತಿಮೆಯಿದೆ. ಸೌತ್ ಕೆನ್ಸಿಂಗ್ಟನ್‌ನ ವಿಕ್ಟೋರಿಯಾ ಆಂಡ್ ಆಲ್ಬರ್ಟ್ ಮ್ಯೂಸಿಯಂನಲ್ಲಿ ಟಿಪ್ಪುವಿನ ಹುಲಿ ಗಾಜಿನ ಪೆಟ್ಟಿಗೆಯೊಳಗಿದೆ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದಾಗ ಹೊತ್ತೊಯ್ದ ಮರದ ಹುಲಿ, ಹೊಟ್ಟೆಯೊಳಗೆ ವಾದ್ಯ. ನೋಡಲು ಕಾಸಿಲ್ಲ. ಮಧ್ಯಾಹ್ನದ ಮೇಲೆ ಈಸ್ಟ್ ಹ್ಯಾಮಿನ ಅಂಗಡಿಬೀದಿಗೆ ಹೋದರೆ ಹುಣಸೆಹಣ್ಣು, ಕರಿಬೇವು, ಎಲ್ಲಕ್ಕಿಂತ ಮುಖ್ಯವಾಗಿ ರಾಗಿಹಿಟ್ಟು. ಇಷ್ಟಾದರೂ ದಿನ ಮುಗಿದಿಲ್ಲ. ರಾತ್ರಿ 7.30ಕ್ಕೆ ನಾಟಕ. ಹತ್ತರ ಸುಮಾರಿಗೆ ತೆರೆ ಬೀಳುತ್ತದೆ. ಕಿಂಗ್ಸ್ ಕ್ರಾಸಿನ ದೊಡ್ಡ ಹಲಗೆಯ ಕೆಳಗೆ ನೂರಾರು ಜನ ತಲೆಯೆತ್ತಿ ನಿಂತಿರುತ್ತಾರೆ, ಪ್ಲಾಟ್‌ಫಾರಂ ಸಂಖ್ಯೆ ಬಿದ್ದ ಕ್ಷಣವೇ ಎಲ್ಲರೂ ಒಂದೇ ದಿಕ್ಕಿಗೆ ಹೆಜ್ಜೆ ಹಾಕುತ್ತಾರೆ. ಹನ್ನೊಂದರ ಮೇಲೂ ಕೇಂಬ್ರಿಡ್ಜ್‌ಗೆ ರೈಲಿದೆ ಎಂಬುದು ಆಕೆಗೆ ಬೆಳಿಗ್ಗೆಯೇ ಗೊತ್ತಿತ್ತು. ಆದ್ದರಿಂದಲೇ ನಾಟಕದ ಕೊನೆಯ ದೃಶ್ಯದಲ್ಲಿ ಆಕೆ ಗಡಿಯಾರ ನೋಡಲಿಲ್ಲ.

ಇಲ್ಲಿ ಇನ್ನೊಂದು ಕೆಲಸವೂ ನಡೆದಿರುತ್ತದೆ. ಹೊರದೇಶದ ಬಾಡಿಗೆ ಕೋಣೆ ಬಂದ ಮೊದಲ ದಿನ ಬರೀ ವಿಳಾಸ. ದಿನವೂ ಅಲ್ಲೇ ಇದ್ದು ಅದು ಮನೆಯಾಗುವುದಿಲ್ಲ. ಅಲ್ಲಿಂದ ಹೊರಗೆ ಹೋಗಿ, ದಣಿದು, ಅದನ್ನೇ ನೆನೆದು ಮರಳಿದಾಗ ಮನೆಯಾಗುತ್ತದೆ. ಲಂಡನ್ನಿನ ಗದ್ದಲದಲ್ಲಿ ಹಗಲು ಕಳೆದು ರಾತ್ರಿ ತನ್ನ ನಿಲ್ದಾಣದಲ್ಲಿ ಇಳಿದವಳಿಗೆ ಆ ಸಣ್ಣ ಊರಿನ ಸೈಕಲ್ ಸಾಲು, ಮುಚ್ಚಿದ ಅಂಗಡಿ, ತಿರುವಿನ ದೀಪ ಎಲ್ಲ ಗುರುತಿನವಾಗಿ ಕಾಣುತ್ತವೆ. ನಮ್ಮಲ್ಲಿ ಮನೆಯಿಂದ ಹೊರಡುವವರು ‘ಹೋಗ್ತೀನಿ’ ಎಂದರೆ ಹಿರಿಯರು ತಡೆಯುತ್ತಾರೆ, ‘ಹೋಗ್ಬರ್ತೀನಿ ಅನ್ನು’ ಎನ್ನುತ್ತಾರೆ. ತೆಲುಗು ಮನೆಯಲ್ಲಾದರೆ ‘ಪೊಯ್ಯೊಸ್ತಾ’. ಪೆರೇಸಂದ್ರದ ಎರಡೂ ಭಾಷೆಗಳಲ್ಲಿ ಹೊರಡುವ ಮಾತಿನೊಳಗೇ ಬರುವ ಮಾತು ಸೇರಿಕೊಂಡಿದೆ. ಸಾವಿರಾರು ಮೈಲಿ ದೂರ ಬಂದವರಿಗೆ ಆ ಮಾತನ್ನು ಅದೇ ದಿನ ಪೂರೈಸಿಕೊಳ್ಳುವ ಅವಕಾಶವನ್ನು ದಿನಪ್ರವಾಸದ ರೈಲು ಕೊಡುತ್ತದೆ. ವಿಮಾನದ ಮರುಪಯಣಕ್ಕೆ ವರ್ಷ ಕಾಯಬೇಕು. ರೈಲಿನದಕ್ಕೆ ಸಂಜೆಯವರೆಗೆ ಸಾಕು.

ಒಂದು ದಿನದಲ್ಲಿ ನಗರದ ಏನು ತಿಳಿದೀತು, ಮೇಲೆ ಮೇಲೆ ಕಂಡು ಬಂದದ್ದನ್ನು ಪ್ರವಾಸ ಎನ್ನಬಹುದೇ ಎಂದು ಕೇಳುವವರಿದ್ದಾರೆ. ಪ್ರಶ್ನೆ ನ್ಯಾಯವಾದದ್ದೇ. ಹತ್ತು ದಿನದ ಯುರೋಪ್ ಪ್ಯಾಕೇಜಿನಲ್ಲಿ ಬಂದವರಿಗೂ ಲಂಡನ್ನಿಗೆ ಸಿಗುವುದು ಒಂದೆರಡು ದಿನವೇ, ಅವರು ಬಸ್ಸಿನ ಕಿಟಕಿಯಿಂದ ಕಂಡದ್ದು ಬಹಳ. ಆದರೆ ಅವರ ಒಂದು ದಿನಕ್ಕೂ ಹತ್ತಿರದ ಊರಿನಲ್ಲಿ ನೆಲೆಸಿದವಳ ಒಂದು ದಿನಕ್ಕೂ ಅಜಗಜಾಂತರ. ಪ್ಯಾಕೇಜಿನವರಿಗೆ ಅದು ಜೀವಮಾನದ ಒಂದು ದಿನ, ಎಲ್ಲವನ್ನೂ ಅದರೊಳಗೆ ತುರುಕಬೇಕು. ನೆಲೆಸಿದವಳಿಗೆ ಅದು ಹಲವು ದಿನಗಳಲ್ಲಿ ಒಂದು. ಹುಲಿಯ ಮುಂದೆ ಎರಡು ಗಂಟೆ ನಿಂತರೂ ನಷ್ಟವಿಲ್ಲ, ಅರಮನೆ ಮುಂದಿನ ತಿಂಗಳಿಗೆ ಇರಲಿ ಎನ್ನಬಹುದು. ನಮ್ಮ ಕಡೆಯ ಚಿಂತಾಮಣಿಯ ಪೇಟೆಯನ್ನು ಯಾರೂ ಒಂದು ದಿನ ಕೂತು ಓದಿ ತಿಳಿದವರಲ್ಲ. ವರ್ಷಗಟ್ಟಲೆ ಹೋಗಿ ಬಂದು, ಯಾವ ಅಂಗಡಿಯಲ್ಲಿ ಯಾವ ಮಾಲು ಎಂಬುದು ಕಾಲಿಗೇ ಗೊತ್ತಾದವರು. ನಗರವನ್ನು ತಿಳಿಯುವ ಬಗೆಯೂ ಅದೇ. ಆ ತಿಳಿವಳಿಕೆ ಒಂದೇ ಭೇಟಿಯಲ್ಲಿ ಬರಬೇಕಾಗಿಲ್ಲ, ಭೇಟಿ ಸಲೀಸಾಗಿ ಮರುಕಳಿಸುವಂತಿದ್ದರೆ ಸಾಕು. ಅದನ್ನು ಸಲೀಸು ಮಾಡುವುದು ವಾಪಸು ರೈಲಿನ ಖಾತ್ರಿ.

ಈ ಖಾತ್ರಿ ಇಂಗ್ಲೆಂಡಿಗೂ ತಾನಾಗಿ ಬಂದದ್ದಲ್ಲ. ಮೊದಮೊದಲು ಅಲ್ಲಿನ ರೈಲು ಕಂಪನಿಗಳಿಗೆ ಬಡ ಪ್ರಯಾಣಿಕರು ಬೇಕಿರಲಿಲ್ಲ. ಮೂರನೆಯ ದರ್ಜೆಯವರನ್ನು ಸೂರಿಲ್ಲದ ಗಾಡಿಗಳಲ್ಲಿ ಮಳೆಗೆ ನೆನೆಯಲು ಬಿಟ್ಟಿದ್ದರು. 1844ರ ಕಾನೂನು ಅದನ್ನು ಬದಲಿಸಿತು. ಪ್ರತಿ ಮಾರ್ಗದಲ್ಲಿ ದಿನಕ್ಕೆ ಒಂದಾದರೂ ರೈಲು ಎಲ್ಲ ನಿಲ್ದಾಣಗಳಲ್ಲೂ ನಿಲ್ಲಬೇಕು, ಗಾಡಿಗೆ ಸೂರಿರಬೇಕು, ಮೈಲಿಗೆ ಒಂದು ಪೆನ್ನಿಗಿಂತ ಹೆಚ್ಚು ವಸೂಲಿ ಮಾಡಬಾರದು. ಅದಕ್ಕೆ ಮೂರು ವರ್ಷ ಮೊದಲು, 1841ರ ಜುಲೈ 5ರಂದು, ಥಾಮಸ್ ಕುಕ್ ಎಂಬ ಮದ್ಯಪಾನ ವಿರೋಧಿ ಪ್ರಚಾರಕ ಲೆಸ್ಟರ್‌ನಿಂದ ಲಫ್‌ಬರೋಗೆ ಸುಮಾರು 500 ಜನರನ್ನು ಒಂದು ಶಿಲಿಂಗಿಗೆ ರೈಲಿನಲ್ಲಿ ಕರೆದೊಯ್ದು ಅದೇ ದಿನ ವಾಪಸು ತಂದಿದ್ದ. ಮುಂದೆ 1851ರಲ್ಲಿ ಲಂಡನ್ನಿನ ಹೈಡ್ ಪಾರ್ಕಿನಲ್ಲಿ ನಡೆದ ಮಹಾ ವಸ್ತುಪ್ರದರ್ಶನಕ್ಕೆ ದೇಶದ ಮೂಲೆಮೂಲೆಯಿಂದ ಅಗ್ಗದ ರೈಲುಗಳು ಹೊರಟವು. ಕುಕ್ ಒಬ್ಬನೇ ಸುಮಾರು ಒಂದೂವರೆ ಲಕ್ಷ ಜನರನ್ನು ಕರೆತಂದ. ಒಟ್ಟು ಅರವತ್ತು ಲಕ್ಷ ಭೇಟಿಗಳಾದವು. ವಾರದಲ್ಲಿ ಕೆಲವು ದಿನ ಪ್ರವೇಶಕ್ಕೆ ಒಂದೇ ಶಿಲಿಂಗ್ ಇದ್ದುದರಿಂದ ಗಿರಣಿಯವರೂ ರೈತಾಪಿ ಜನರೂ ಬಂದರು. ಪ್ರದರ್ಶನ ಮುಗಿದಾಗ ಉಳಿದ ಲಾಭದಿಂದ ಹುಟ್ಟಿದ್ದೇ ಸೌತ್ ಕೆನ್ಸಿಂಗ್ಟನ್‌ನ ಆ ಮ್ಯೂಸಿಯಂ. ಅಂದರೆ ಟಿಪ್ಪುವಿನ ಹುಲಿ ಇಂದು ಇರುವ ಮನೆಗೆ ತಳಪಾಯ ಹಾಕಿದ ಹಣದಲ್ಲಿ, ಹಳ್ಳಿ ಪಟ್ಟಣಗಳಿಂದ ಹಗಲಿಗೆ ಬಂದು ಇರುಳಿಗೆ ಮರಳಿದವರ ಶಿಲಿಂಗುಗಳೂ ಸೇರಿವೆ. ಹೊರಗಿನಿಂದ ಬಂದುಹೋಗುವವರು ನಗರಕ್ಕೆ ಹೊರೆ ಎನ್ನುವವರು ಈ ಸಂಗತಿಯನ್ನು ನೆನಪಿಡಬೇಕು.

ಈಗ ನಮ್ಮ ಮಾರ್ಗಕ್ಕೆ ಬರೋಣ. ಯಲಹಂಕದಿಂದ ಚಿಕ್ಕಬಳ್ಳಾಪುರಕ್ಕೆ ರೈಲು ಬಂದದ್ದು 1915ರಲ್ಲಿ. ಹಳಿಗಳ ನಡುವೆ ಎರಡೂವರೆ ಅಡಿ ಅಂತರದ ಪುಟ್ಟ ರೈಲು. ಆಗ ಮೈಸೂರಿನ ದಿವಾನರಾಗಿದ್ದವರು ಎಂ. ವಿಶ್ವೇಶ್ವರಯ್ಯ, ನಂದಿಯ ಬಗಲಿನ ಮುದ್ದೇನಹಳ್ಳಿಯವರು. ಚಿಕ್ಕಬಳ್ಳಾಪುರದ ಶಾಲೆ ಮುಗಿಸಿ ಅವರು ಬೆಂಗಳೂರಿಗೆ ಓದಲು ಹೋದ ಕಾಲದಲ್ಲಿ ಈ ಮಾರ್ಗ ಇರಲಿಲ್ಲ. ಹೋದ ಮೇಲೆ ಅಲ್ಲೇ ನಿಲ್ಲಬೇಕು. ಸೆಂಟ್ರಲ್ ಕಾಲೇಜಿನಲ್ಲಿ 1881ರಲ್ಲಿ ಬಿ.ಎ. ಮಾಡುವವರೆಗೆ ಅವರು ನಿಂತದ್ದೂ ಹಾಗೆಯೇ. ಮುಂದೆ 1898ರಲ್ಲಿ ಜಪಾನಿಗೆ ಹೋದರು. ಆ ದೇಶದಲ್ಲಿ ಕೊನೆಯ ರೈಲಿಗೇ ಈಗ ಒಂದು ಹೆಸರಿದೆ, ‘ಶೂದೆನ್’. ಸಂಜೆ ಎಲ್ಲಿಗೇ ಹೋಗಲಿ, ಜನ ಅದನ್ನು ಲೆಕ್ಕದಲ್ಲಿಟ್ಟುಕೊಂಡೇ ಹೋಗುತ್ತಾರೆ. ವಿಶ್ವೇಶ್ವರಯ್ಯನವರ ದಿವಾನಗಿರಿಯಲ್ಲಿ, ಆ 1915ರಲ್ಲೇ, ಬೆಂಗಳೂರಿನಲ್ಲಿ ಕನ್ನಡ ಸಾಹಿತ್ಯ ಪರಿಷತ್ತೂ ಹುಟ್ಟಿತು. ಊರಿಗೆ ರೈಲು ಮತ್ತು ನಗರದಲ್ಲಿ ಪರಿಷತ್ತು ಒಂದೇ ವರ್ಷ ಬಂದದ್ದು ಕಾಕತಾಳೀಯವಿರಬಹುದು. ಆದರೂ ಒಂದಕ್ಕೊಂದು ಎಷ್ಟು ಬೇಕಾದವು ಎಂದು ನನಗೆ ಅನ್ನಿಸುತ್ತದೆ.

ಇದೇ ಸೀಮೆಯ ಇನ್ನೊಬ್ಬರ ಹಾದಿಯನ್ನೂ ನೋಡಬೇಕು. ಗೌರಿಬಿದನೂರು ತಾಲ್ಲೂಕಿನ ಹೊಸೂರಿನ ಎಚ್. ನರಸಿಂಹಯ್ಯ 1935ರಲ್ಲಿ ಓದು ಮುಂದುವರಿಸಲು ಬೆಂಗಳೂರಿಗೆ ಬಂದದ್ದು ನಡೆದುಕೊಂಡು. ಗೌರಿಬಿದನೂರಿನಲ್ಲಿ ರೈಲಿತ್ತು, ಹತ್ತೊಂಬತ್ತನೆಯ ಶತಮಾನ ಮುಗಿಯುವ ಮೊದಲೇ ಬೆಂಗಳೂರು–ಹಿಂದೂಪುರದ ಮಾರ್ಗ ಅಲ್ಲಿ ಹಾದಿತ್ತು. ಚಾರ್ಜಿಗೆ ದುಡ್ಡಿರಲಿಲ್ಲ. ಆ ಹುಡುಗ ಮುಂದೆ ಅಮೆರಿಕದ ಓಹಿಯೋ ಸ್ಟೇಟ್ ವಿಶ್ವವಿದ್ಯಾಲಯಕ್ಕೆ ಹೋಗಿ 1960ರಲ್ಲಿ ಪರಮಾಣು ಭೌತಶಾಸ್ತ್ರದಲ್ಲಿ ಪಿಎಚ್.ಡಿ. ಪಡೆದರು, ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾದರು, ನ್ಯಾಷನಲ್ ಕಾಲೇಜಿನ ಹಾಸ್ಟೆಲ್ಲಿನ ಕೋಣೆಯಲ್ಲೇ ಬಾಳಿದರು. ಅವರ ಸಾಧನೆಯನ್ನು ಹೇಳುವಾಗ ಆ ನಡಿಗೆಯನ್ನು ನಾವು ಹೆಮ್ಮೆಯಿಂದ ಹೇಳುತ್ತೇವೆ. ಹೆಮ್ಮೆ ಸರಿ. ಆದರೆ ರೈಲು ಹಳಿಯ ಪಕ್ಕದ ತಾಲ್ಲೂಕಿನ ಹುಡುಗ ನಡೆದು ಹೋಗಬೇಕಾಯಿತಲ್ಲ, ನಡೆಯಲಾಗದೆ ಊರಲ್ಲೇ ಉಳಿದ ಎಷ್ಟು ನರಸಿಂಹಯ್ಯಂದಿರು ಇದ್ದರೋ ಎಂದೂ ಕೇಳಬೇಕಲ್ಲವೇ? ಅಂದು ರೈಲಿತ್ತು, ಕೈಯಲ್ಲಿ ಕಾಸಿರಲಿಲ್ಲ. ಇಂದು ಎರಡನೆಯ ದರ್ಜೆಯ ಚಾರ್ಜು ಕೂಲಿ ಮಾಡುವವರಿಗೂ ಎಟುಕುವಂತಿದೆ, ಚಿಕ್ಕಬಳ್ಳಾಪುರದ ಹಳಿ ಬ್ರಾಡ್‌ಗೇಜ್ ಆಗಿದೆ, ಮೇಲೆ ವಿದ್ಯುತ್ ತಂತಿ ಬಂದಿದೆ, ಮೆಮು ಗಾಡಿ ಓಡುತ್ತದೆ. ಆದರೆ ದಿನಕ್ಕೆ ಎಷ್ಟು ಗಾಡಿ ಎಂದರೆ ಕೈಬೆರಳು ಸಾಕು.

ಆ ಕೆಲವೇ ಗಾಡಿಗಳಲ್ಲಿ ಒಂದನ್ನು ಹತ್ತಿದವರಿಗೆ ಸಿಗುವ ದಾರಿ ಯಾವ ದೇಶದ ದಾರಿಗೂ ಕಡಿಮೆಯದಲ್ಲ. ಚಿಕ್ಕಬಳ್ಳಾಪುರ ಬಿಟ್ಟರೆ ನಂದಿ ಹಾಲ್ಟ್, ನೂರು ವರ್ಷ ದಾಟಿದ ಪುಟ್ಟ ನಿಲ್ದಾಣ, ಹಿಂದೆ ಬೆಟ್ಟ. ಅಲ್ಲಿಂದ ವೆಂಕಟಗಿರಿಕೋಟೆ, ಆಮೇಲೆ ಆವತಿಹಳ್ಳಿ. ಆವತಿಯ ನಾಡಪ್ರಭುಗಳೇ ದೇವನಹಳ್ಳಿ, ಚಿಕ್ಕಬಳ್ಳಾಪುರಗಳ ಪಾಳೆಯಪಟ್ಟುಗಳನ್ನು ಕಟ್ಟಿದವರು. ಆ ಮನೆತನದ ಇನ್ನೊಂದು ಕವಲು ಯಲಹಂಕಕ್ಕೆ ಹೋಗಿ ನೆಲೆಸಿತು, ಅದರಲ್ಲಿ ಹುಟ್ಟಿದ ಕೆಂಪೇಗೌಡರು 1537ರಲ್ಲಿ ಬೆಂಗಳೂರಿನ ಪೇಟೆ ಕಟ್ಟಿದರು. ಮುಂದಿನ ನಿಲ್ದಾಣ ಟಿಪ್ಪು ಹುಟ್ಟಿದ ದೇವನಹಳ್ಳಿ. ಲಂಡನ್ನಿನ ಗಾಜಿನ ಪೆಟ್ಟಿಗೆಯ ಹುಲಿಯ ಯಜಮಾನ ಮೊದಲು ಕಣ್ಣು ಬಿಟ್ಟ ಊರು ಈ ರೈಲಿನ ಕಿಟಕಿಯಲ್ಲಿ ಹಾದುಹೋಗುತ್ತದೆ. ಅದರಾಚೆ 2021ರ ಜನವರಿಯಲ್ಲಿ ತೆರೆದ ವಿಮಾನ ನಿಲ್ದಾಣದ ಹಾಲ್ಟ್, ದೊಡ್ಡಜಾಲ, ಬೆಟ್ಟಹಲಸೂರು, ಯಲಹಂಕ. ಬೆಂಗಳೂರು ಕಟ್ಟಿದವರ ಪೂರ್ವಿಕರು ನಡೆದ ಹಾದಿಯನ್ನೇ ರೈಲು ಹಿಡಿದಿದೆ. ಆದ್ದರಿಂದ ಬೆಂಗಳೂರನ್ನು ಈ ಸೀಮೆಯವರು ಪರರ ಊರೆಂದು ನೋಡಬೇಕಾಗಿಲ್ಲ. ಅಲ್ಲಿನ ಕಬ್ಬನ್ ಪಾರ್ಕಿನ ಗ್ರಂಥಾಲಯ, ಕಸ್ತೂರಬಾ ರಸ್ತೆಯಲ್ಲಿ ಮುದ್ದೇನಹಳ್ಳಿಯವರ ಹೆಸರು ಹೊತ್ತ ವಿಜ್ಞಾನ ಮ್ಯೂಸಿಯಂ, ಪರಿಷತ್ತು, ರಂಗಮಂದಿರಗಳು ಪೆರೇಸಂದ್ರದ ಮಕ್ಕಳ ಪಾಲಿಗೂ ಸೇರಿದವು. ಸೇರಿದ್ದನ್ನು ಅನುಭವಿಸುವ ದಾರಿ ಇದೆಯೇ ಎಂಬುದು ಪ್ರಶ್ನೆ.

ಒಂದೇ ಉದಾಹರಣೆ ಸಾಕು. ಜೆ.ಪಿ. ನಗರದ ರಂಗಶಂಕರದಲ್ಲಿ 2004ರಿಂದ ನಾಟಕಗಳು ನಡೆಯುತ್ತಿವೆ. ಸಂಜೆ 7.30ಕ್ಕೆ ಸರಿಯಾಗಿ ಶುರು. ಬಾಗಿಲು ಹಾಕಿದ ಮೇಲೆ ಎಂಥವರು ಬಂದರೂ ಒಳಗೆ ಬಿಡುವುದಿಲ್ಲ. ಲಂಡನ್ನಿನ ನಾಟಕಕ್ಕೂ ಅದೇ ಹೊತ್ತು. ಕೇಂಬ್ರಿಡ್ಜ್‌ನ ಹುಡುಗಿ ಆಟ ಮುಗಿಸಿ ನಿಧಾನವಾಗಿ ನಡೆದು ರೈಲು ಹತ್ತಿದಳು. ಆಕೆಯ ತಂಗಿ ಪೆರೇಸಂದ್ರದಲ್ಲಿ ಪಿಯುಸಿ ಓದುತ್ತಿದ್ದಾಳೆ, ಕನ್ನಡ ನಾಟಕವೊಂದನ್ನು ಪಠ್ಯದಲ್ಲಿ ಓದಿದ್ದಾಳೆ, ರಂಗದ ಮೇಲೆ ನೋಡುವ ಆಸೆಯಿದೆ ಎಂದುಕೊಳ್ಳಿ. ಆಟ ಮುಗಿಯುವ ಹೊತ್ತಿಗೆ ಬೆಂಗಳೂರಿನಿಂದ ಚಿಕ್ಕಬಳ್ಳಾಪುರಕ್ಕೆಂದು ಹೊರಡುವ ಲೋಕಲ್ ಗಾಡಿಯಿಲ್ಲ. ಹೇಗೋ ಚಿಕ್ಕಬಳ್ಳಾಪುರ ತಲುಪಿದರೂ ಅಲ್ಲಿಂದ 18 ಕಿ.ಮೀ. ಬಾಕಿ, ಅದೂ ನಡುರಾತ್ರಿಯಲ್ಲಿ. ವಾರಾಂತ್ಯಗಳಲ್ಲಿ ಮಧ್ಯಾಹ್ನ 3.30ರ ಆಟವೂ ಇರುತ್ತದೆ, ಅದಕ್ಕೆ ಹೋಗಬಹುದಲ್ಲ ಎನ್ನಬಹುದು. ಹೋಗಬಹುದು, ಆದರೆ ಕಣ್ಣು ರಂಗದ ಮೇಲಿದ್ದರೂ ಮನಸ್ಸು ಹೆಬ್ಬಾಳದ ಟ್ರಾಫಿಕ್ಕಿನಲ್ಲಿರುತ್ತದೆ. ಹುಡುಗಿಯನ್ನು ಕಳಿಸುವ ಮೊದಲು ತಾಯಿ ಕೇಳುವ ಪ್ರಶ್ನೆ ಒಂದೇ: ‘ವಾಪಸ್ ಹೆಂಗಮ್ಮ ಬರ್ತೀಯಾ?’ ಆ ಪ್ರಶ್ನೆಗೆ ಇಂಗ್ಲೆಂಡಿನಲ್ಲಿ ಉತ್ತರವಿದೆ, ಇಲ್ಲಿ ಇಲ್ಲ. ಅಕ್ಕನಿಗೆ ಏಳು ಸಮುದ್ರದಾಚೆಯ ನಗರದ ಸಂಜೆ ದಕ್ಕಿತು. ತಂಗಿಗೆ ತನ್ನದೇ ರಾಜಧಾನಿಯ ಸಂಜೆ ದಕ್ಕಲಿಲ್ಲ. ಆ ಸಂಜೆ ಬೇಕೆಂದರೆ ಆಕೆ ಬೆಂಗಳೂರಿನಲ್ಲಿ ಪಿ.ಜಿ. ಹಿಡಿಯಬೇಕು, ಅಂದರೆ ಊರು ಬಿಡಬೇಕು. ಹೀಗೆ ಬಿಟ್ಟವರು ಎಷ್ಟೋ ಜನ ಮತ್ತೆ ಊರಿಗೆ ಬಾರದವರಾಗುತ್ತಾರೆ.

ಬಸ್ಸಿದೆಯಲ್ಲ ಎಂಬ ಆಕ್ಷೇಪಕ್ಕೆ ನಾನು ತಲೆಬಾಗಲೇಬೇಕು. ರೈಲು ಎಂದೂ ಬಾರದ ಊರುಗಳಿಗೆ ಬಸ್ಸು ಬಂದಿದೆ. 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ಹೆಂಗಸರು ಸರ್ಕಾರಿ ಸಾಮಾನ್ಯ ಬಸ್ಸುಗಳಲ್ಲಿ ಚಾರ್ಜಿಲ್ಲದೆ ಓಡಾಡುತ್ತಿದ್ದಾರೆ. ದಿನಪ್ರವಾಸದ ಚರಿತ್ರೆಯಲ್ಲಿ ಅದು ಇಂಗ್ಲೆಂಡಿನ 1844ರ ಕಾನೂನಿನಷ್ಟೇ ದೊಡ್ಡ ಹೆಜ್ಜೆ ಎಂದು ನಾನು ನಂಬುತ್ತೇನೆ. ಘಾಟಿಗೆ, ನಂದಿಗೆ, ಧರ್ಮಸ್ಥಳಕ್ಕೆ ಮೊದಲ ಬಾರಿ ಹೋಗಿ ಬಂದ ಅಜ್ಜಿಯರ ಮುಖ ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಆದರೆ ಬಸ್ಸಿನ ಹೊತ್ತು ರಸ್ತೆಯ ಕೈಯಲ್ಲಿದೆ. ಬೆಳಿಗ್ಗೆ ಪೆರೇಸಂದ್ರ ಕ್ರಾಸಿನಲ್ಲಿ ನಿಂತವರ ಮುಂದೆ ಅನಂತಪುರ, ಹೈದರಾಬಾದ್ ಕಡೆಯ ದೂರದ ಬಸ್ಸುಗಳು ನಿಲ್ಲಿಸದೆ ಹಾದುಹೋಗುತ್ತವೆ. ಯಲಹಂಕ ದಾಟಿದ ಮೇಲೆ ಹೆಬ್ಬಾಳದವರೆಗೆ ಅರ್ಧ ಗಂಟೆಯೋ ಒಂದೂವರೆ ಗಂಟೆಯೋ ಡ್ರೈವರಿಗೂ ಗೊತ್ತಿರುವುದಿಲ್ಲ. ಹೊತ್ತು ಗೊತ್ತಿಲ್ಲದ ದಾರಿಯಲ್ಲಿ ಹೋಗುವವರು ಎರಡು ಗಂಟೆ ಮೊದಲೇ ಮರಳಿ ಹೊರಡುತ್ತಾರೆ, ಇಡೀ ದಿನವೇ ಮೊಟಕಾಗುತ್ತದೆ. ಬಸ್ಸು ಮತ್ತು ರೈಲು ಇಲ್ಲಿ ಎದುರಾಳಿಗಳಲ್ಲ. ಚಿಕ್ಕಬಳ್ಳಾಪುರದವರೆಗೆ ರೈಲು, ಅಲ್ಲಿಂದ ಆ ರೈಲಿಗೆ ಕಾದು ನಿಂತ ಬಸ್ಸು ಎಂದಾದರೆ ಎರಡೂ ಸಾರ್ಥಕ.

ಇದಕ್ಕಿಂತ ಗಟ್ಟಿಯಾದ ಆಕ್ಷೇಪ ಇನ್ನೊಂದಿದೆ. ರೈಲು ಬಂದರೆ ನಗರವೂ ಅದರ ಹಿಂದೆಯೇ ಬರುತ್ತದೆ, ಹೂವಿನ ತೋಟ, ದ್ರಾಕ್ಷಿ ಚಪ್ಪರ, ಹಿಪ್ಪುನೇರಳೆ ಹೊಲಗಳು ಲೇಔಟ್ ಆಗುತ್ತವೆ ಎಂಬ ಭಯ. ಈ ಭಯವನ್ನು ಹಗುರವಾಗಿ ತಳ್ಳಿಹಾಕಲಾರೆ. ಲಂಡನ್ನಿಗೆ ಒಂದು ಗಂಟೆಯ ದಾರಿಯಲ್ಲಿರುವ ಊರುಗಳಲ್ಲಿ ಮನೆಗಳ ಬೆಲೆ ಏರಿ ಅಲ್ಲಿ ಹುಟ್ಟಿದವರೇ ಮನೆ ಕೊಳ್ಳಲಾಗದ ಸ್ಥಿತಿ ಬಂದಿರುವುದು ನಿಜ. ಆದರೆ ನಮ್ಮಲ್ಲಿ ನಗರ ರೈಲಿಗಾಗಿ ಕಾಯಲಿಲ್ಲ. 2008ರಲ್ಲಿ ವಿಮಾನ ನಿಲ್ದಾಣ ತೆರೆದ ಮೇಲೆ ಹೆದ್ದಾರಿಯನ್ನು ಹಿಡಿದೇ ಅದು ಬಂತು. ದೇವನಹಳ್ಳಿ ತಾಲ್ಲೂಕಿನ ಚನ್ನರಾಯಪಟ್ಟಣದ ಸುತ್ತಿನ 1,777 ಎಕರೆ ಭೂಮಿ ಉಳಿಸಿಕೊಳ್ಳಲು ರೈತರು ಮೂರು ವರ್ಷಕ್ಕೂ ಮಿಕ್ಕಿ ಧರಣಿ ಕೂರಬೇಕಾಯಿತು. 2025ರ ಜುಲೈನಲ್ಲಿ ಸರ್ಕಾರ ಆ ಸ್ವಾಧೀನವನ್ನು ಕೈಬಿಟ್ಟಿತು. ಆ ಭೂಮಿಗೆ ಕಣ್ಣು ಬಿದ್ದದ್ದು ಲೋಕಲ್ ರೈಲಿನಿಂದಲ್ಲ. ಲೆಚ್‌ವರ್ತ್‌ನ ಹೋವರ್ಡ್ ನೂರಿಪ್ಪತ್ತು ವರ್ಷದ ಹಿಂದೆ ಹೇಳಿದ್ದು ಇದನ್ನೇ. ನಗರವನ್ನು ಎಣ್ಣೆ ಚೆಲ್ಲಿದಂತೆ ಹರಡಲು ಬಿಡಬೇಡಿ, ಸುತ್ತ ಬೇಸಾಯದ ಭೂಮಿಯನ್ನು ಬೇಲಿಯಂತೆ ಉಳಿಸಿ, ಅದರಾಚೆಯ ಸಣ್ಣ ಊರುಗಳನ್ನು ಬೇಗ ಓಡುವ ರೈಲಿನಿಂದ ಜೋಡಿಸಿ ಎಂದ. ಅವನ ಉದ್ಯಾನ ನಗರಿಯಲ್ಲಿ ಉದ್ಯಾನಕ್ಕಿಂತ ಈ ಹೊಲದ ಬೇಲಿ ಮತ್ತು ರೈಲೇ ಮುಖ್ಯ. ರೈಲು ನಿಲ್ದಾಣಗಳಲ್ಲಿ ಮಾತ್ರ ನಿಲ್ಲುತ್ತದೆ. ರಸ್ತೆಯ ಉದ್ದಕ್ಕೂ ಮಾರು ಮಾರಿಗೆ ಸೈಟು ಹುಟ್ಟುವಂತೆ ಹಳಿಯ ಉದ್ದಕ್ಕೂ ಹುಟ್ಟುವುದಿಲ್ಲ. ಭೂಮಿಗೆ ಕಾನೂನಿನ ಕಾವಲು ಬೇಕೇ ಬೇಕು. ಆ ಕಾವಲಿದ್ದಲ್ಲಿ, ಊರಲ್ಲೇ ಇದ್ದು ನಗರಕ್ಕೆ ಹೋಗಿ ಬರಬಲ್ಲ ಮಗನಿಗೆ ಅಪ್ಪನ ಜಮೀನು ಮಾರುವ ಅವಸರ ಕಡಿಮೆ.

ಶ್ರೀಮಂತ ದೇಶದ ಜೊತೆ ಹೋಲಿಕೆ ಏಕೆ, ಅವರ ಹಳಿಗಳಲ್ಲಿ ನಮ್ಮಂಥ ನಾಡುಗಳಿಂದ ಹೋದ ಸಂಪತ್ತೂ ಇದೆ ಎಂದರೆ, ಇದೆ. ಹುಲಿಯೇ ಅದಕ್ಕೆ ಸಾಕ್ಷಿ. ಇಂಗ್ಲೆಂಡಿನ ರೈಲನ್ನು ಎಲ್ಲದರಲ್ಲೂ ಮಾದರಿ ಎಂದೂ ನಾನು ಹೇಳುತ್ತಿಲ್ಲ. ಬೆಳಗಿನ ಕಚೇರಿ ಹೊತ್ತಿನ ಟಿಕೆಟ್ಟು ಅಲ್ಲಿ ಎಷ್ಟು ದುಬಾರಿ ಎಂದರೆ ಜನ ಒಂಬತ್ತೂವರೆಯವರೆಗೆ ಕಾಯುತ್ತಾರೆ. ಜರ್ಮನಿ 2023ರ ಮೇನಲ್ಲಿ ತಿಂಗಳಿಗೆ 49 ಯೂರೋದ ಒಂದೇ ಟಿಕೆಟ್ಟಿಗೆ ದೇಶದ ಎಲ್ಲ ಸ್ಥಳೀಯ ರೈಲು ಬಸ್ಸುಗಳನ್ನು ತೆರೆದದ್ದು ಅದಕ್ಕಿಂತ ಒಳ್ಳೆಯ ದಾರಿ, ಬೆಲೆ ಆಮೇಲೆ ಏರಿದ್ದರೂ. ನಮ್ಮ ಚಾರ್ಜು ಇವೆಲ್ಲಕ್ಕಿಂತ ಅಗ್ಗ. ಬಡತನ ನೆಪವಾಗಬಾರದು ಎನ್ನಲು ಇದೇ ಕಾರಣ: ಕಷ್ಟದ ಭಾಗವನ್ನು ನಾವಾಗಲೇ ದಾಟಿದ್ದೇವೆ. ಹಳಿ ಇದೆ, ವಿದ್ಯುತ್ ಇದೆ, ಅಗ್ಗದ ಟಿಕೆಟ್ ಇದೆ. ಇಲ್ಲದಿರುವುದು ಹೆಚ್ಚು ಗಾಡಿ, ಗಾಡಿಗಳು ದಾಟಿಕೊಳ್ಳಲು ಜೋಡಿ ಹಳಿ ಮತ್ತು ರಾತ್ರಿಯ ಕೊನೆಯ ರೈಲು.

ಬೆಂಗಳೂರು ಉಪನಗರ ರೈಲು ಯೋಜನೆಗೆ 2022ರ ಜೂನ್ 20ರಂದು ಶಂಕುಸ್ಥಾಪನೆಯಾಯಿತು. ನಾಲ್ಕು ಮಾರ್ಗ, ಒಟ್ಟು 148 ಕಿ.ಮೀ.; ಮಾರ್ಗಗಳಿಗೆ ಸಂಪಿಗೆ, ಮಲ್ಲಿಗೆ, ಪಾರಿಜಾತ, ಕನಕ ಎಂದು ಹೂವಿನ ಹೆಸರು. ನಮ್ಮ ದಿಕ್ಕಿಗೆ ಬರುವುದು ಸಂಪಿಗೆ, ಮೆಜೆಸ್ಟಿಕ್‌ನಿಂದ ಯಲಹಂಕದ ಮೇಲೆ 41 ಕಿ.ಮೀ. ಕಾಗದದ ಮೇಲೆ ಅದು ದೇವನಹಳ್ಳಿಯಲ್ಲಿ ನಿಲ್ಲುತ್ತದೆ. ಅಲ್ಲಿಂದ ಆವತಿಹಳ್ಳಿ, ವೆಂಕಟಗಿರಿಕೋಟೆ, ನಂದಿ, ಚಿಕ್ಕಬಳ್ಳಾಪುರ, ನಾಲ್ಕೇ ನಿಲ್ದಾಣ. ಚಿಕ್ಕಬಳ್ಳಾಪುರದಿಂದ ಗೌರಿಬಿದನೂರಿಗೆ, ಪುಟ್ಟಪರ್ತಿಗೆ ಹೊಸ ಹಳಿಯ ಮಾತು ರೈಲ್ವೆ ಬಜೆಟ್ಟುಗಳಲ್ಲಿ ಬಂದುಹೋಗಿದೆ. ಆ ಹಳಿಗೆ ಇನ್ನೊಂದು ತಲೆಮಾರು ಹಿಡಿಯಬಹುದು. ಈ ನಾಲ್ಕು ನಿಲ್ದಾಣಕ್ಕೆ ಹಿಡಿಯಬೇಕಾಗಿಲ್ಲ, ಹಳಿ 1915ರಿಂದ ಅಲ್ಲೇ ಇದೆ. ರಾತ್ರಿ ಹತ್ತೂವರೆಗೆ ಬೆಂಗಳೂರಿನಿಂದ ಹೊರಡುವ ಒಂದು ಗಾಡಿ, ಅದು ಬಂದು ನಿಲ್ಲುವ ಹೊತ್ತಿಗೆ ಚಿಕ್ಕಬಳ್ಳಾಪುರ ನಿಲ್ದಾಣದ ಬಾಗಿಲಲ್ಲಿ ‘ಪೆರೇಸಂದ್ರ, ಗುಡಿಬಂಡೆ, ಬಾಗೇಪಲ್ಲಿ’ ಎಂಬ ಬೋರ್ಡು ಹಾಕಿಕೊಂಡು ಕಾಯುವ ಒಂದು ಬಸ್ಸು. ಪಿಯುಸಿ ಓದುವ ಹುಡುಗಿಯ ತಾಯಿ ಮಲಗದೆ ಕಾದಿರುತ್ತಾಳೆ. ಬಸ್ಸು ಕ್ರಾಸಿನಲ್ಲಿ ನಿಂತ ಸದ್ದು ಮನೆಯವರೆಗೆ ಕೇಳಿಸುತ್ತದೆ.